ಕಸಿ ಆದ ಮೇಲಿನ ವರ್ಷಗಳನ್ನು ನಾನು ಬರೆದಿಡುವ ಬಗೆ

ಸ್ಟೆಮ್ ಸೆಲ್ ಕಸಿ, ಅಂದರೆ ರಕ್ತ ತಯಾರಿಸುವ ಮೂಲಕೋಶಗಳನ್ನು ರೋಗಿಯ ಮೈಗೆ ಸೇರಿಸುವ ಚಿಕಿತ್ಸೆ, ನಡೆಯುವುದು ಬೆಂಗಳೂರಲ್ಲೋ ವೆಲ್ಲೂರಲ್ಲೋ. ಆಮೇಲಿನ ಬದುಕು ತೀರ್ಥಹಳ್ಳಿ, ಹೊಸನಗರ, ಸೊರಬದ ಮನೆಗಳಲ್ಲಿ. ಶಿವಮೊಗ್ಗದಲ್ಲಿ ಕೂತು ಆ ಬದುಕಿನ ಮಾಹಿತಿ ಸೇರಿಸುವುದು ನನ್ನ ಕೆಲಸ. ನೂರನೇ ದಿನ, ಆರು ತಿಂಗಳು, ಒಂದು ವರ್ಷ, ಆಮೇಲೆ ವರ್ಷಕ್ಕೊಮ್ಮೆ ಫಾರಂ ತುಂಬಬೇಕು.

ಶುರುವಿನಲ್ಲಿ ಕಷ್ಟವಿಲ್ಲ, ಮಾತ್ರೆಗಾಗಿ ಅವರೇ ಬರುತ್ತಾರೆ. ನಂತರ ಒಬ್ಬೊಬ್ಬರೇ ತಪ್ಪಿಹೋಗುತ್ತಾರೆ. ಆರಾಮಾಗಿರುವವರಿಗೆ ತೋಟದ ಕೆಲಸ. ತೀರಾ ಹದಗೆಟ್ಟವರಿಗೆ ಬಸ್ ಹತ್ತಲೂ ಆಗುವುದಿಲ್ಲ. ಬಂದವರನ್ನಷ್ಟೇ ಲೆಕ್ಕ ಹಿಡಿದರೆ ಆ ಲೆಕ್ಕ ನಂಬುವುದು ಹೇಗೆ, ಅಲ್ವಾ? ಅದಕ್ಕೇ ಮೊದಲ ದಿನವೇ ಒಪ್ಪಿಗೆ ಕೇಳಿ ನೆಂಟರ ಮತ್ತು ಪಕ್ಕದ ಮನೆಯವರ ನಂಬರನ್ನೂ ಬರೆದುಕೊಳ್ಳುತ್ತೇನೆ. ಪಕ್ಕದ ಮನೆಯವರ ಹತ್ತಿರ ಕಾಯಿಲೆಯ ಮಾತೆತ್ತುವುದಿಲ್ಲ. "ಒಂದು ಫೋನ್ ಮಾಡೋಕೆ ಹೇಳಿ" ಅಂತೇನೆ, ಅಷ್ಟೇ. ಮಳೆ ಹಿಡಿದರೆ ನೆಟ್‌ವರ್ಕ್ ಸಿಗುವುದಿಲ್ಲ. ಹಾಗಾಗಿ ಮೇ ತಿಂಗಳೊಳಗೆ ಎಲ್ಲರ ಜೊತೆ ಒಂದು ಸುತ್ತು ಮಾತಾಡಿಬಿಡುತ್ತೇನೆ. ಎಷ್ಟು ಹುಡುಕಿದರೂ ಸಿಗದವರ ಮುಂದೆ 'ಆರೋಗ್ಯವಾಗಿದ್ದಾರೆ' ಎಂದು ಸುಮ್ನೆ ಬರೆಯುವುದಿಲ್ಲ. ಬದುಕಿದ್ದಾರೆಂದು ಕೊನೆಯ ಸಲ ಗೊತ್ತಾದ ತಾರೀಕನ್ನು ಬರೆಯುತ್ತೇನೆ.

ಇನ್ನು ಪ್ರಶ್ನೆಗಳು. "ತೊಂದರೆ ಇದೆಯಾ?" ಎಂದರೆ "ಎಂಥದೂ ಇಲ್ಲ ಮೇಡಂ" ಅಂತಲೇ ಉತ್ತರ. ಬೇರೆಯವರಿಂದ ಪಡೆದ ಕೋಶಗಳು ರೋಗಿಯ ಮೈಮೇಲೇ ತಿರುಗಿಬೀಳುವುದಕ್ಕೆ ಜಿವಿಎಚ್‌ಡಿ ಎನ್ನುತ್ತಾರೆ. ಬಾಯಿ, ಕಣ್ಣು, ಚರ್ಮ, ಲಿವರ್, ಶ್ವಾಸಕೋಶ, ಎಲ್ಲಿ ಬೇಕಾದರೂ ಬರಬಹುದು, ನಿಧಾನಕ್ಕೆ ಬರಬಹುದು. ಅದಕ್ಕೆ ಬಿಡಿಸಿ ಕೇಳುತ್ತೇನೆ. ಅಪ್ಪೆಹುಳಿ ಕುಡಿದರೆ ಬಾಯಿ ಉರಿಯುತ್ತಾ? ಕಣ್ಣಲ್ಲಿ ಮರಳು ಬಿದ್ದ ಹಾಗಿದೆಯಾ? ತೋಟದಿಂದ ಮನೆಗೆ ಏರು ಹತ್ತುವಾಗ ಹೋದ ವರ್ಷಕ್ಕಿಂತ ಜಾಸ್ತಿ ಏದುಸಿರು ಬರುತ್ತಾ? ಆಗ ಉತ್ತರವೇ ಬೇರೆ.

ಕವಳ ಹಾಕುತ್ತೀರಾ ಎಂದು ತಪ್ಪದೇ ಕೇಳುತ್ತೇನೆ. ತಂಬಾಕು ಇಲ್ಲದಿದ್ದರೂ ಅಡಿಕೆ ಜಗಿಯುವುದರಿಂದ ಕ್ಯಾನ್ಸರ್ ಬರಬಹುದು. ಬಾಯಲ್ಲಿ ಜಿವಿಎಚ್‌ಡಿ ಇದ್ದವರಿಗೆ ಬಾಯಿ ಕ್ಯಾನ್ಸರಿನ ಭಯ ಮೊದಲೇ ಜಾಸ್ತಿ. ಅಡಿಕೆಯಿಂದಲೇ ಬದುಕುವ ಮನೆಯವರಿಗೆ ಇದನ್ನು ಹೇಳುವುದು ಸುಲಭವಲ್ಲ. ಆದರೂ ಹೇಳಲೇಬೇಕು.

ಹಳೆಯ ಲಸಿಕೆಗಳ ಬಲ ಕಸಿಯ ನಂತರ ಬಹುಮಟ್ಟಿಗೆ ಹೋಗಿರುತ್ತದೆ, ಮತ್ತೆ ಹಾಕಿಸಬೇಕು. ಕಾರ್ಡಿನ ಫೋಟೋವನ್ನು ವಾಟ್ಸಾಪ್‌ನಲ್ಲಿ ತರಿಸಿಕೊಳ್ಳುತ್ತೇನೆ.

ತಲಸ್ಸೇಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆಗೆಂದು ಎಳವೆಯಲ್ಲಿ ಕಸಿ ಆದ ಮಕ್ಕಳು ಈಗ ಹೈಸ್ಕೂಲಿಗೆ ಬಂದಿದ್ದಾರೆ. ಮೈಯಲ್ಲಿ ಉಳಿದ ಕಬ್ಬಿಣದ ಅಂಶ, ಥೈರಾಯ್ಡ್, ಎತ್ತರ ಇವನ್ನೆಲ್ಲ ಅಪ್ಪ ಅಮ್ಮನ ಎದುರೇ ಕೇಳುತ್ತೇನೆ. ಹುಡುಗಿಯರ ಹತ್ತಿರ ಮುಟ್ಟಿನ ವಿಷಯವನ್ನು ಮಾತ್ರ, ಅಮ್ಮನಿಗೆ ಹೇಳಿ, ಹುಡುಗಿ ಒಬ್ಬಳೇ ಇರುವಾಗ ಕೇಳುತ್ತೇನೆ.