ಲಕ್ವ ಹೊಡೆದವರಿಗೆ ಮಾತು ತಿಳಿಯದಿದ್ದರೆ ಕೂಗಬೇಡಿ, ಹೀಗೆ ಮಾಡಿ

ನಮ್ಮತ್ತೆ ಎರಡನೇ ಸಲ ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದಾಗ ಕೈಕಾಲು ಆಡುತ್ತಿದ್ದವು, ಮಾತೂ ಸ್ಪಷ್ಟವಿತ್ತು. ನಾವು ಆಡಿದ್ದು ಮಾತ್ರ ಅವರಿಗೆ ತಿಳಿಯುತ್ತಿರಲಿಲ್ಲ. ‘ಏನೋ ಗೊಣಗೊಣ ಅಂತೀರಲ್ಲ’ ಎನ್ನುತ್ತಿದ್ದರು. ನೋಡಲು ಬಂದ ನೆಂಟರೆಲ್ಲ ಕಿವಿಗೆ ಬಾಯಿಟ್ಟು ಕೂಗಿ ಹೋದರು. ಪರೀಕ್ಷೆಯೇ ಇಲ್ಲದೆ ಒಂದು ಅಂಗಡಿಯವರು ಕೊಟ್ಟ ಶ್ರವಣಸಾಧನ ಬರೀ ಗದ್ದಲ ಹೆಚ್ಚಿಸಿತು. ಅತ್ತೆಯ ಕಿವಿ ಚೆನ್ನಾಗಿಯೇ ಇತ್ತು. ಕಿವಿ ತಂದ ಸದ್ದನ್ನು ಮಾತಾಗಿ ಬಿಡಿಸುವ ಮಿದುಳಿನ ಜಾಗಕ್ಕೆ ಪೆಟ್ಟು ಬಿದ್ದಿತ್ತು.

ಒಂದೊಂದು ಕಿವಿಯ ಸುದ್ದಿಯೂ ಮಿದುಳಿನ ಎರಡೂ ಭಾಗಕ್ಕೆ ಹೋಗುತ್ತದೆ. ಹಾಗಾಗಿ ಒಂದು ಕಡೆ ಪೆಟ್ಟಾದರೆ ಹೀಗಾಗುವುದು ಅಪರೂಪ. ಎರಡೂ ಕಡೆ ಆದಾಗಲೇ ಹೆಚ್ಚು.

1. ತಲೆಸುತ್ತು, ವಾಂತಿ, ತೂರಾಟದ ಜೊತೆ ಒಂದು ಕಿವಿ ಹಠಾತ್ತನೆ ಕೇಳಿಸದಾದರೆ 108ಕ್ಕೆ ಫೋನ್ ಮಾಡಿ. ಒಳಗಿವಿಗೆ ರಕ್ತ ಒಯ್ಯುವ ಸಣ್ಣ ನಾಳ ಸಾಮಾನ್ಯವಾಗಿ ಕಿರುಮಿದುಳಿನ ನಾಳದಿಂದಲೇ ಕವಲೊಡೆಯುತ್ತದೆ, ಆದ್ದರಿಂದ ಇದೂ ಲಕ್ವ ಇರಬಹುದು. ಹೆಪ್ಪು ಕರಗಿಸುವ ಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಕಿವಿಗೆ ಎಣ್ಣೆ ಬಿಡುತ್ತ ಕೂರಬೇಡಿ.

2. ಮನೆಯಲ್ಲೇ ಒಮ್ಮೆ ನೋಡಿ. ಹಿಂದೆ ನಿಂತು ‘ನೀರು ಬೇಕಾ?’ ಎಂದು ಕೇಳಿ. ಆಮೇಲೆ ಅದನ್ನೇ ಸ್ಲೇಟಿನ ಮೇಲೆ ಬರೆದು ತೋರಿಸಿ. ಹೇಳಿದ್ದು ತಿಳಿಯದೆ, ಬರೆದದ್ದಕ್ಕೆ ಸರಿಯಾಗಿ ಉತ್ತರ ಬಂದರೆ ಬುದ್ಧಿ, ಭಾಷೆ ಉಳಿದಿವೆ ಎಂದುಕೊಳ್ಳಬಹುದು. ಓದಿಯೂ ತಿಳಿಯದೆ ಆಡುವ ಮಾತೂ ಅಸ್ತವ್ಯಸ್ತವಾಗಿದ್ದರೆ ಅದು ಅಫೇಸಿಯಾ, ಅಂದರೆ ಮಿದುಳಿನ ಪೆಟ್ಟಿನಿಂದ ಭಾಷೆಯೇ ಕೆಡುವ ತೊಂದರೆ ಇರಬಹುದು, ಅದರ ಚಿಕಿತ್ಸೆಯ ದಾರಿ ಬೇರೆ. ಓದು ಬಾರದವರಿಗೆ ಲೋಟ, ತಟ್ಟೆ ತೋರಿಸಿ ಕೇಳಿ.

3. ಎಷ್ಟು ಸಣ್ಣ ಸದ್ದು ಕೇಳಿಸುತ್ತದೆಂದು ಅಳೆಯುವ ಆಡಿಯೋಮೆಟ್ರಿ, ಸದ್ದಿಗೆ ನರಗಳು ಹೇಗೆ ಸ್ಪಂದಿಸುತ್ತವೆಂದು ನೋಡುವ ಬೆರಾ, ಎರಡೂ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ, ಮಾತಿನ ಚಿಕಿತ್ಸೆ ಎರಡೂ ಇವೆ. ಬೆರಾ ನೋಡುವುದು ಕಿವಿಯಿಂದ ಮಿದುಳುಕಾಂಡದವರೆಗಿನ ದಾರಿಯನ್ನಷ್ಟೆ. ಮಿದುಳುಕಾಂಡಕ್ಕಿಂತ ಮೇಲಿನ ಭಾಗದಲ್ಲಿ ಆದ ಪೆಟ್ಟು ಅದರಲ್ಲಿ ಕಾಣುವುದಿಲ್ಲ. ರಿಪೋರ್ಟ್ ನಾರ್ಮಲ್ ಬಂತೆಂದು ‘ಬೇಕಂತಲೇ ಮಾಡ್ತಾರೆ’ ಎಂದವರನ್ನು ಕಂಡಿದ್ದೇನೆ. ತಟ್ಟೆ ಬಿದ್ದ ಸದ್ದಿಗೆ ಬೆಚ್ಚಿಬಿದ್ದವರೂ ‘ಕೇಳಿಸಲಿಲ್ಲ’ ಎನ್ನಬಹುದು. ಅವರು ಹೇಳುತ್ತಿರುವುದು ನಿಜ.

4. ಎಲ್ಲರೂ ಎಡವುವುದು ಮಾತಾಡುವಾಗ. ಮೊದಲು ಟಿವಿ, ಮಿಕ್ಸಿ ನಿಲ್ಲಿಸಿ. ಎದುರಿಗೆ ಕೂತು, ಬೆಳಕು ನಿಮ್ಮ ಮುಖಕ್ಕೆ ಬೀಳುವಂತೆ ನೋಡಿಕೊಳ್ಳಿ. ಯಾವ ವಿಷಯವೆಂದು ಮೊದಲೇ ತಿಳಿಸಿ: ಮಾತ್ರೆ ಡಬ್ಬಿ ಕೈಯಲ್ಲಿ ಹಿಡಿದೇ ಮಾತ್ರೆಯ ಮಾತು ಎತ್ತಿ. ಪದ ಪದದ ನಡುವೆ ಒಂದು ಉಸಿರಿನಷ್ಟು ಬಿಡಿ: ‘ಊಟ... ಆಯ್ತಾ?’ ಅಕ್ಷರ ಅಕ್ಷರ ಎಳೆದು ‘ಊಊಟಾಆ’ ಎಂದರೆ ಪದದ ಆಕಾರವೇ ಕೆಡುತ್ತದೆ.

ಇಂಥವರಿಗೆ ಸ್ವರಗಳಿಗಿಂತ ಕ, ಪ, ಟದಂಥ ಥಟ್ಟನೆ ಮುಗಿಯುವ ವ್ಯಂಜನಗಳು ಹೆಚ್ಚು ಕೈಕೊಡುತ್ತವೆ. ತುಟಿ ನೋಡಿ ತಿಳಿದುಕೊಳ್ಳಲಿ ಎಂದರೆ ‘ಅಪ್ಪ’, ‘ಅಮ್ಮ’ ಎರಡಕ್ಕೂ ತುಟಿ ಒಂದೇ ರೀತಿ ಮುಚ್ಚುತ್ತದೆ. ‘ಅಪ್ಪ ಬಂದ್ರು’ ಎಂದಾಗ ಅತ್ತೆ ‘ಅಮ್ಮನಾ?’ ಎಂದು ಕಣ್ತುಂಬಿಕೊಂಡಿದ್ದರು. ಅಂದಿನಿಂದ ಹೆಸರುಗಳನ್ನು ಬರೆದೇ ತೋರಿಸುತ್ತೇನೆ. ತಿಳಿಯದಿದ್ದರೆ ಅದನ್ನೇ ಮೂರು ಸಲ ಹೇಳಬೇಡಿ, ಪದ ಬದಲಿಸಿ. ಆಗಲೂ ಆಗದಿದ್ದರೆ ಬರೆಯಿರಿ. ‘ಬಿಡಿ, ಏನಿಲ್ಲ’ ಎಂದು ಎದ್ದುಹೋಗುವುದನ್ನು ಮಾತ್ರ ಯಾರೂ ಮಾಡಬಾರದು.

ಬರೆಯಲು ಬಳಪ, ಸ್ಲೇಟೇ ಸಾಕು. ಹೊಳೆಯುವ ಬಿಳಿ ಬೋರ್ಡು ಕಣ್ಣು ಕುಕ್ಕುತ್ತದೆ, ಅದರ ಪೆನ್ನು ಬೇಗ ಒಣಗುತ್ತದೆ. ಮಾತನ್ನು ಕನ್ನಡ ಅಕ್ಷರವಾಗಿಸುವ ಫೋನಿನ ಸೌಲಭ್ಯ ಒಬ್ಬೊಬ್ಬರೇ ಮಾತಾಡಿದರೆ ನೆರವಾಗುತ್ತದೆ, ಮನೆ ತುಂಬ ಜನರಿದ್ದಾಗ ನಂಬಬೇಡಿ.

5. ಕರೆಗಂಟೆಗೆ ಒಂದು ದೀಪ ಕೂಡಿಸಿ. ಕುಕ್ಕರ್ ಸೀಟಿಯ ಲೆಕ್ಕ ಅವರಿಗೆ ಬಿಡಬೇಡಿ. ರಸ್ತೆಗೆ ಹೊರಟರೆ ಜೊತೆಗಿರಿ, ಹಾರನ್ ಬರುವ ಕಡೆ ನೀವು ನಡೆಯಿರಿ.