ಬ್ರಾಂಚ್ ಆರಿಸುವ ಮುನ್ನ ಮೂರನೇ ವರ್ಷದ ಸಿಲಬಸ್ ನೋಡಿ

ಎಂಜಿನಿಯರಿಂಗ್ ಸೇರುವವರಲ್ಲಿ ತುಂಬಾ ಜನ ಬ್ರಾಂಚಿನ ಹೆಸರು ನೋಡಿ ತೀರ್ಮಾನ ಮಾಡಿಬಿಡುತ್ತಾರೆ. ಯಾವುದಕ್ಕೆ ಬೇಡಿಕೆ ಇದೆ, ನೆಂಟರ ಮಕ್ಕಳು ಏನು ಓದಿದರು, ಇಷ್ಟೇ ಲೆಕ್ಕ. ವರ್ಷಗಟ್ಟಲೆ ದಿನಾ ಕೂತು ಏನು ಓದಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಅದನ್ನು ನೀವೇ ನೋಡಿಕೊಳ್ಳಬೇಕು.

ಮೊದಲು ಸಿಲಬಸ್ ಇಳಿಸಿಕೊಳ್ಳಿ. ಮೊದಲ ವರ್ಷದ್ದನ್ನು ಬಿಟ್ಟುಬಿಡಿ. ಗಣಿತ, ಭೌತಶಾಸ್ತ್ರ, ಪ್ರೋಗ್ರಾಮಿಂಗ್ ಎಲ್ಲ ಬ್ರಾಂಚಿಗೂ ಹೆಚ್ಚುಕಡಿಮೆ ಒಂದೇ. ನೇರವಾಗಿ ಮೂರನೇ ವರ್ಷಕ್ಕೆ ಹೋಗಿ. ಮೆಕ್ಯಾನಿಕಲ್‌ನಲ್ಲಿ ಹೀಟ್ ಟ್ರಾನ್ಸ್‌ಫರ್, ಮೆಷಿನ್ ಡಿಸೈನ್ ಸಿಗುತ್ತವೆ. ಎಲೆಕ್ಟ್ರಿಕಲ್‌ನಲ್ಲಿ ಪವರ್ ಸಿಸ್ಟಮ್ಸ್, ಕಂಟ್ರೋಲ್ ಸಿಸ್ಟಮ್ಸ್. ಕಂಪ್ಯೂಟರ್ ಸೈನ್ಸ್‌ನಲ್ಲಿ ಆಪರೇಟಿಂಗ್ ಸಿಸ್ಟಮ್, ಕಂಪೈಲರ್ (ನಾವು ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ಬದಲಿಸುವ ತಂತ್ರಾಂಶ). ಕೆಮಿಕಲ್ ಎಂಜಿನಿಯರಿಂಗ್‌ನಲ್ಲಂತೂ ಕೆಮಿಸ್ಟ್ರಿಗಿಂತ ದ್ರವದ ಹರಿವು, ಶಾಖ, ರಿಯಾಕ್ಟರಿನ ಲೆಕ್ಕಗಳೇ ಜಾಸ್ತಿ. ಕೆಮಿಸ್ಟ್ರಿ ಇಷ್ಟ ಅಂತ ಸೇರಿದವರು ಕಂಗಾಲಾಗುವುದು ಇಲ್ಲೇ.

ಆಮೇಲೆ ಮನಸ್ಸಿನಲ್ಲಿರುವ ಒಂದೊಂದು ಬ್ರಾಂಚಿಗೂ ಒಂದು ಸಂಜೆ ಕೊಡಿ. ಸಿವಿಲ್ ಅಂದುಕೊಂಡಿದ್ದೀರಾ? 4 ಮೀಟರ್ ಉದ್ದದ ತೊಲೆ, ಎರಡು ತುದಿಗೂ ಆಸರೆ, ನಟ್ಟನಡುವೆ 10 ಕಿಲೋನ್ಯೂಟನ್ ಭಾರ. ತೊಲೆಯ ಸ್ವಂತ ತೂಕ ಬಿಡಿ. ಒಂದೊಂದು ಆಸರೆ 5 ಕಿಲೋನ್ಯೂಟನ್ ಹೊರುತ್ತದೆ. ತೊಲೆಯನ್ನು ಬಾಗಿಸುವ ಪರಿಣಾಮ ನಡುವೆ ಅತಿ ಹೆಚ್ಚು, ಅಲ್ಲಿ ಅದು 10 ಕಿಲೋನ್ಯೂಟನ್ ಮೀಟರ್ (ಆಸರೆಯ 5 ಕಿಲೋನ್ಯೂಟನ್ × ಅಲ್ಲಿಂದ ನಡುವಿಗೆ 2 ಮೀಟರ್). ಈಗ ಭಾರವನ್ನು ಒಂದು ಮೀಟರ್ ಪಕ್ಕಕ್ಕೆ ಸರಿಸಿ, ಚಿತ್ರ ಬರೆದು ಮತ್ತೆ ಲೆಕ್ಕ ಹಾಕಿ. ಕಂಪ್ಯೂಟರ್ ಸೈನ್ಸ್ ಆದರೆ, ನೂರು ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ಪ್ರೋಗ್ರಾಂ ಬರೆಯಿರಿ, ಸಿದ್ಧ ಫಂಕ್ಷನ್ ಬಳಸದೆ. ಉತ್ತರ ತಪ್ಪಾದಾಗ ಪುಸ್ತಕ ಮುಚ್ಚಬೇಕು ಅನಿಸಿತಾ, ಎಲ್ಲಿ ಎಡವಿದೆ ಅಂತ ಹುಡುಕಬೇಕು ಅನಿಸಿತಾ? ನನ್ನ ಪ್ರಕಾರ ಯಾವ ಆಪ್ಟಿಟ್ಯೂಡ್ ಪರೀಕ್ಷೆಗಿಂತಲೂ ಇದು ನಂಬಬಹುದಾದ ಸುಳಿವು.

ಬ್ರಾಂಚ್ ಬದಲಿಸುವ ನಿಯಮ, ಅದರ ಕೊನೆಯ ದಿನಾಂಕ, ಬೇರೆ ವಿಭಾಗದ ವಿಷಯ ತೆಗೆದುಕೊಳ್ಳಲು ಅವಕಾಶ ಇದೆಯಾ, ಇವನ್ನು ಸೇರುವ ಮುಂಚೆಯೇ ಕೇಳಿ ಬರೆದಿಟ್ಟುಕೊಳ್ಳಿ.

ಇನ್ನು ನಿಮ್ಮ ಪ್ರಾಜೆಕ್ಟಿಗೆ ದಾರಿ ತೋರಿಸುವ ಮಾರ್ಗದರ್ಶಕರ, ಅಂದರೆ ಗೈಡ್ ವಿಷಯ. ಇದಕ್ಕೆ ಬ್ರಾಂಚಿನಷ್ಟೇ ತಲೆ ಕೆಡಿಸಿಕೊಳ್ಳಬೇಕು. ಅಮೆರಿಕದ ಗಣಿತಜ್ಞ, ಎಂಜಿನಿಯರ್ ಕ್ಲಾಡ್ ಶಾನನ್ 1936ರಲ್ಲಿ ಗಣಿತ, ಎಲೆಕ್ಟ್ರಿಕಲ್ ಎರಡರಲ್ಲೂ ಪದವಿ ಪಡೆದು ಅಲ್ಲಿನ ಎಂಐಟಿ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ಪ್ರಾಧ್ಯಾಪಕ ವ್ಯಾನಿವರ್ ಬುಷ್ ಅವರ ಲೆಕ್ಕದ ಯಂತ್ರ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಆ ಯಂತ್ರದ ರಿಲೇಗಳ (ವಿದ್ಯುತ್ತಿನಿಂದ ತಾವೇ ಆನ್-ಆಫ್ ಆಗುವ ಸ್ವಿಚ್ಚುಗಳು) ಜೊತೆ ಒಡನಾಡುತ್ತಲೇ, ಸ್ವಿಚ್ಚುಗಳ ಸರ್ಕ್ಯೂಟನ್ನು ಗಣಿತಜ್ಞ ಜಾರ್ಜ್ ಬೂಲ್‌ನ ‘ಸರಿ-ತಪ್ಪು’ ತರ್ಕದಿಂದ ವಿವರಿಸಬಹುದು ಅಂತ ಹೊಳೆಯಿತು. ಅದನ್ನೇ ವಿವರಿಸಿ ಅವರು ಬರೆದ 1937ರ ಪ್ರಬಂಧ ಡಿಜಿಟಲ್ ಸರ್ಕ್ಯೂಟುಗಳಿಗೆ ಅಡಿಪಾಯವಾಯಿತು. ಸರಿಯಾದ ಲ್ಯಾಬಿನ ಬಾಗಿಲು ತೆರೆಯುವವರು ಸಿಕ್ಕರೆ ಏನಾಗುತ್ತದೆ ನೋಡಿ.

ಹಾಗಂತ ದೊಡ್ಡ ಹೆಸರಿನ ಹಿಂದೆ ಸುಮ್ನೆ ಓಡಬೇಡಿ. ಅವರ ಹತ್ತಿರ ಈಗ ಓದುತ್ತಿರುವವರನ್ನು, ಅವರಿಲ್ಲದ ಕಡೆ ಕೇಳಿ: ವಾರಕ್ಕೆ ಎಷ್ಟು ಸಲ ಸಿಗುತ್ತಾರೆ? ಬರೆದು ಕೊಟ್ಟದ್ದನ್ನು ಎಷ್ಟು ದಿನದಲ್ಲಿ ನೋಡಿ ವಾಪಸ್ ಕೊಡುತ್ತಾರೆ? ಪ್ರಯೋಗ ಕೆಟ್ಟಾಗ ಹೇಗೆ ಮಾತಾಡುತ್ತಾರೆ? ‘ಒಳ್ಳೆಯವರಾ?’ ಅಂತ ಕೇಳಿದರೆ ಎಲ್ಲರೂ ಹೌದು ಅಂತಲೇ ಹೇಳುತ್ತಾರೆ, ಅಲ್ವಾ?

ಆಮೇಲೆ ಅವರಿಗೆ ನಾಲ್ಕು ಸಾಲಿನ ಇಮೇಲ್ ಕಳಿಸಿ. ‘ಸರ್, ನಾನು ಎರಡನೇ ವರ್ಷದ ವಿದ್ಯಾರ್ಥಿ. ಪಂಪುಗಳ ಕಂಪನದ ಬಗ್ಗೆ ನೀವು ಬರೆದ ಲೇಖನ ಓದಿದೆ. ಅಳತೆ ತೆಗೆದ ಭಾಗ ಅರ್ಥವಾಗಲಿಲ್ಲ. ಹದಿನೈದು ನಿಮಿಷ ಸಿಗಬಹುದೇ?’ ಇಷ್ಟು ಸಾಕು. ನಿಜವಾಗಿ ಓದಿರಬೇಕು, ಅದು ಮುಖ್ಯ. ಭೇಟಿಗೆ ಹೋಗುವಾಗ ಈವರೆಗೆ ಓದಿದ ವಿಷಯಗಳ ಪಟ್ಟಿ ಜೊತೆಗಿರಲಿ. ಅರ್ಥವಾಗದ್ದನ್ನು ಮುಚ್ಚಿಡಬೇಡಿ, ನಿಮ್ಮ ಗೊಂದಲ ಎಲ್ಲಿದೆ ಅಂತ ಗೊತ್ತಾದರೆ ಅವರಿಗೂ ದಾರಿ ತೋರಿಸುವುದು ಸುಲಭ. ಅದೇ ಸಂಜೆ, ಮಾತಾಡಿ ಒಪ್ಪಿಕೊಂಡದ್ದನ್ನು ಎರಡು ಸಾಲಿನಲ್ಲಿ ಬರೆದು ಕಳಿಸಿ.

ಗೈಡ್ ಜೊತೆ ಹೊಂದಿಕೆ ಆಗುತ್ತಿಲ್ಲ ಅಂತ ಕಂಡರೆ, ಅವರ ಜೊತೆಗಿನ ಮೊದಲ ಸೆಮಿಸ್ಟರಿನಲ್ಲೇ ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ. ದೂರು ಹೊತ್ತು ಹೋಗಬೇಡಿ. ‘ನನ್ನ ಆಸಕ್ತಿ ಈ ಕಡೆ ಇದೆ, ಇವರ ಜೊತೆ ಕೆಲಸ ಮಾಡಬಹುದೇ?’ ಅಂತ ಕೇಳಿ. ಪ್ರಾಜೆಕ್ಟ್ ಅರ್ಧ ಮುಗಿದ ಮೇಲೆ ಗೈಡ್ ಬದಲಿಸುವುದು ಬಹಳ ಕಷ್ಟ.