ಕೀತ್ ಗ್ರೀನ್ ಅವರ ಮೊದಲ ಎಲ್‌ಪಿಯ ಶ್ರುತಿಯನ್ನು ನಾನು ಸರಿಪಡಿಸಿದ ಬಗೆ

ಎಲ್‌ಪಿಯ, ಅಂದರೆ ದೊಡ್ಡ ಗ್ರಾಮಫೋನ್ ತಟ್ಟೆಯ, ನಡುವಿನ ತೂತನ್ನು ಹಿಗ್ಗಿಸಿ ಶ್ರುತಿಯ ಏರಿಳಿತವನ್ನು ನಿಲ್ಲಿಸಬಹುದೆಂದು ನಾನು ಹೇಳಿದಾಗ, ಡಲ್ಲಾಸ್‌ನಲ್ಲಿ ನನ್ನೊಡನೆ ಹಳೆಯ ರೆಕಾರ್ಡುಗಳನ್ನು ಸಂಗ್ರಹಿಸುವ ಗೆಳೆಯರಲ್ಲಿ ನಕ್ಕವರೇ ಹೆಚ್ಚು. ಅಮೆರಿಕದ ಗಾಯಕ ಕೀತ್ ಗ್ರೀನ್ ಅವರು 1977ರಲ್ಲಿ ಹೊರತಂದ ಮೊದಲ ಕ್ರೈಸ್ತ ಆಲ್ಬಂ ‘ಫಾರ್ ಹಿಮ್ ಹೂ ಹ್ಯಾಸ್ ಇಯರ್ಸ್ ಟು ಹಿಯರ್’ ಈಗ ಎಲ್‌ಪಿಯಿಂದ ಇಳಿಸಿಕೊಂಡು ನನ್ನ ಕಂಪ್ಯೂಟರಿನಲ್ಲಿ ಸ್ವಲ್ಪವೂ ಅಲುಗದೆ ನುಡಿಯುತ್ತಿದೆ.

ಹಳೆಯ ಸಾಮಾನಿನ ಅಂಗಡಿಯಲ್ಲಿ ಎರಡು ಡಾಲರಿಗೆ ಸಿಕ್ಕ ಈ ಪ್ರತಿಯ ತೂತು ಕೇಂದ್ರದಿಂದ ಸುಮಾರು ಅರ್ಧ ಮಿಲಿಮೀಟರ್ ಸರಿದಿತ್ತು. ಹೀಗಾದಾಗ ಸೂಜಿಯ ಕೆಳಗೆ ಗೀರು ಹರಿಯುವ ವೇಗ ಏರಿಳಿದು ಶ್ರುತಿಯೂ ಅಲುಗುತ್ತದೆ. ಗ್ರೀನ್ ಪಿಯಾನೋ ನುಡಿಸುತ್ತಲೇ ಹಾಡುತ್ತಿದ್ದವರು. ಪಿಯಾನೋದ ಸ್ವರವನ್ನು ಬಾಗಿಸಲು ಬರುವುದಿಲ್ಲವಾದ್ದರಿಂದ, ತಟ್ಟೆ ಒಂದು ಸುತ್ತು ಮುಗಿಸುವ ಪ್ರತಿ 1.8 ಸೆಕೆಂಡಿಗೊಮ್ಮೆ ಏರಿಳಿಯುವ ಶ್ರುತಿ ಕಿವಿಗೆ ಕೂಡಲೇ ಸಿಕ್ಕಿಬೀಳುತ್ತದೆ. ಒಳಸುತ್ತುಗಳಲ್ಲಂತೂ ದೋಷ ಬೆಳೆಯುತ್ತದೆ: ಹೊರ ಅಂಚಿನಲ್ಲಿ ಶೇ 0.3ರಷ್ಟಿದ್ದ ಏರಿಳಿತ, ಎರಡನೆಯ ಬದಿಯ ಕೊನೆಗೆ ಬರುವ, ಆ್ಯನಿ ಹೆರಿಂಗ್ ರಚಿಸಿದ ‘ಈಸ್ಟರ್ ಸಾಂಗ್’ ಹೊತ್ತಿಗೆ ಶೇ 0.8ನ್ನು ಮುಟ್ಟುತ್ತಿತ್ತು. ಆ ಹಾಡಿನ ಪಿಯಾನೋವನ್ನು ಹಾಗೆ ಕೇಳುವುದು ನನ್ನಿಂದಾಗುವ ಕೆಲಸವಲ್ಲ.

ನೂರೈವತ್ತು ಡಾಲರ್ ತೆತ್ತು ಕೊಂಡ ಶ್ರುತಿ ತಿದ್ದುವ ತಂತ್ರಾಂಶವು ಗಾಯಕರ ಕಂಠದ ಸಹಜ ಕಂಪನವನ್ನೂ ದೋಷವೆಂದೇ ಬಗೆದು ಸಪಾಟು ಮಾಡಿತು. ಚಟಪಟ ಸದ್ದನ್ನು ತೆಗೆಯುವ ಫಿಲ್ಟರ್ ಪಿಯಾನೋ ಸುತ್ತಿಗೆಯ ಪೆಟ್ಟನ್ನೂ ಸವರಿಹಾಕಿತು. ಆಗ ತಟ್ಟೆಗೆ ಮರಗೆಲಸದ ಅಂಟನ್ನು ಬಳಿದು ಒಣಗಿಸಿ ಸುಲಿಯುವ ಪ್ರಯೋಗಕ್ಕೂ ಕೈಹಾಕಿದೆ. ತೆಳ್ಳಗೆ ಬಳಿದರೆ ಚೂರುಚೂರಾಗಿ ಅಂಟಿಕೊಂಡೇ ಉಳಿಯುತ್ತದೆ. ದಪ್ಪಗೆ ಬಳಿದಾಗ ಒಂದೇ ಹಾಳೆಯಾಗಿ ಎದ್ದು ಬಂದು ಚಟಪಟ ಸದ್ದನ್ನು ಅರ್ಧಕ್ಕಿಳಿಸಿತು. ಶ್ರುತಿಗೆ ಅದರಿಂದ ಏನೂ ಆಗಲಿಲ್ಲ ಎನ್ನುವುದು ಬೇರೆ ಮಾತು.

ಕೊನೆಗೆ ಕೆಲಸಕ್ಕೆ ಬಂದದ್ದು ತೂತನ್ನು ಹೆರೆದು ಅಗಲಿಸುವ, ಹನ್ನೆರಡು ಡಾಲರಿನ ಕೈ ರೀಮರ್. ತೂತನ್ನು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಅಗಲಿಸಿ, ಸ್ಟೈಲಸನ್ನು (ಸೂಜಿಯನ್ನು) ಕೊನೆಯ ಗ್ರೂವ್‌ನಲ್ಲಿ (ಗೀರಿನಲ್ಲಿ) ಇಳಿಸಿ, ಸೂಜಿಯನ್ನು ಹಿಡಿದ ತೋಳಾದ ಟೋನ್ ಆರ್ಮ್ ಎಡಬಲಕ್ಕೆ ತೂಗುವುದು ನಿಲ್ಲುವವರೆಗೆ ತಟ್ಟೆಯನ್ನು ಬೆರಳ ತುದಿಯಿಂದ ಕೂದಲೆಳೆಯಷ್ಟು ಸರಿಸುತ್ತ ಹೋಗಬೇಕು. ಒಂದು ಬದಿಯ ಕೇಂದ್ರ ಇನ್ನೊಂದಕ್ಕೆ ಹೊಂದುವುದಿಲ್ಲವಾದ್ದರಿಂದ, ಮಗುಚಿದ ಮೇಲೆ ಮತ್ತೆ ಮೊದಲಿನಿಂದ ಹೊಂದಿಸಬೇಕು. ಸರಿಸಿದ ತಟ್ಟೆ ಕದಲದಂತೆ ನಾನು ಏನನ್ನು ಬಳಸುತ್ತೇನೆಂಬುದನ್ನು ಇಲ್ಲಿ ಬಿಟ್ಟುಕೊಡಲಾರೆ. ತಟ್ಟೆಯನ್ನು ಒತ್ತಿಹಿಡಿಯುವ ಬರೀ ಕ್ಲ್ಯಾಂಪ್ ಸಾಲದು ಎಂದಷ್ಟೇ ಹೇಳಬಲ್ಲೆ.

ತೂತು ಕೊರೆದ ಎಲ್‌ಪಿಗೆ ಮಾರುಬೆಲೆ ಉಳಿಯುವುದಿಲ್ಲ ಎಂಬ ಆಕ್ಷೇಪ ನಿಜವೇ, ಆದರೆ ಇದರ ಬೆಲೆಯೇ ಎರಡು ಡಾಲರ್. 1978ರ ‘ನೋ ಕಾಂಪ್ರಮೈಸ್’ ಆಲ್ಬಂನ ನನ್ನ ಪ್ರತಿಯಲ್ಲಿ ತೂತು ಸರಿಯಾಗಿಯೇ ಇದ್ದುದರಿಂದ ಅದಕ್ಕೆ ಅಂಟಿನ ಸ್ನಾನವಷ್ಟೇ ಸಾಕಾಯಿತು.